ಹೆರಿಗೆ ಕೋಣೆಯ ಬಾಗಿಲಿಗೆ ಅಡ್ಡ ಮಲಗಿದ್ದ ಹಾವು

ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು, ಅದೂ ಒಳಕ್ಕೆ ತೆರೆಯುವಂಥದ್ದು. ಎದುರಿನ ಪೂರ್ವದ ಗೋಡೆಯಲ್ಲಿ ಒಂದು ಕಿಟಕಿ, ಅದಕ್ಕೆ ಕಬ್ಬಿಣದ ಸರಳುಗಳು. ಹೊಳಲ್ಕೆರೆ ತಾಲ್ಲೂಕಿನಲ್ಲಿ, ತಾಳ್ಯದಿಂದ ಒಳಗೆ ಮಣ್ಣುರಸ್ತೆಯಲ್ಲಿ ಸಿಗುವ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರ ಅದು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಅಲ್ಲಿ ಆರೋಗ್ಯ ಸಹಾಯಕಿಯಾಗಿದ್ದೆ. ಮುಂದಿನ ಪಡಸಾಲೆಯಲ್ಲಿ ಚುಚ್ಚುಮದ್ದು, ಮಾತ್ರೆ, ಮಕ್ಕಳ ತೂಕ. ಪಕ್ಕದ ಈ ಕೋಣೆಯಲ್ಲಿ ಹೆರಿಗೆ. ಹಿಂದಿನ ಚಿಕ್ಕ ಕೋಣೆಯಲ್ಲಿ ನನ್ನ ವಾಸ.

ಊರಿನ ಕಟ್ಟಕಡೆಯ ಕಟ್ಟಡ ನಮ್ಮದು. ಬೆನ್ನಿಗೆ ಕಲ್ಲುಗುಡ್ಡ. ಪಕ್ಕದಲ್ಲಿ ಒಬ್ಬರ ಕಣ, ಕಣದ ಮೂಲೆಯಲ್ಲಿ ಶೇಂಗಾ ಹೊಟ್ಟಿನ ಬಣವೆ. ಹೊಟ್ಟಿನಲ್ಲಿ ಉಳಿದ ಕಾಯಿ ಹುಡುಕಿಕೊಂಡು ಇಲಿಗಳು ಬರುತ್ತಿದ್ದವು, ಇಲಿಗಳ ಹಿಂದೆ ಹಾವುಗಳು. ಬಚ್ಚಲ ತೂಬಿಗೆ ಬಟ್ಟೆ ತುರುಕಿ, ಬಾಗಿಲ ಸಂದಿಗೆ ಗೋಣಿಚೀಲ ಒತ್ತಿ ಮಲಗುತ್ತಿದ್ದೆ. ಹಿರಿಯೂರು ಕಡೆಗೆ, ಆದಿವಾಲದ ನಮ್ಮ ಮನೆಗೆ ಹತ್ತಿರವಾಗುವ ಯಾವುದಾದರೂ ಊರಿಗೆ ವರ್ಗಾವಣೆ ಕೊಡಿ ಎಂದು ಎರಡು ಸಲ ಅರ್ಜಿ ಹಾಕಿದ್ದೆ. ಬದಲಿಗೆ ಬರುವವರು ಯಾರೂ ಇರಲಿಲ್ಲ. ಸಂಜೆ ಐದರ ಬಸ್ಸು ಹೋದಮೇಲೆ ಆ ಊರಿನಿಂದ ಹೊರಗೆ ಹೋಗಲು ದಾರಿಯೂ ಇರಲಿಲ್ಲ.

ಹಿಂದಿನ ವರ್ಷ ನನ್ನಿಂದ ಒಂದು ತಪ್ಪಾಗಿತ್ತು. ಅದನ್ನು ಹೇಳದೆ ಮುಂದಿನದನ್ನು ಹೇಳಲಾಗದು. ಗುಡ್ಡದಲ್ಲಿ ಕಲ್ಲು ಒಡೆಯುವ ಒಬ್ಬನಿಗೆ ಪಾದದ ಮೇಲೆ ಹಾವು ಕಚ್ಚಿತ್ತು. ಜೊತೆಯವರು ಹಾವನ್ನು ಜಜ್ಜಿ, ಯೂರಿಯಾ ಚೀಲದಲ್ಲಿ ತಂದು ನನ್ನ ಮುಂದೆ ಸುರಿದರು. ದಪ್ಪ, ಗಿಡ್ಡ, ಮೈಮೇಲೆ ಕಂದು ಮಚ್ಚೆ. ತಲೆ ಗುರುತು ಸಿಗದಂತೆ ನಜ್ಜುಗುಜ್ಜಾಗಿತ್ತು. ಮೈ ಸುರುಳಿ ಸುತ್ತಿದ್ದರಿಂದ ಮಚ್ಚೆಗಳು ಒಂದಕ್ಕೊಂದು ಕೂಡಿದಂತೆ ಕಂಡವು. ಮಣ್ಣುಮುಕ್ಕ, ವಿಷವಿಲ್ಲದ್ದು ಎಂದುಬಿಟ್ಟೆ. ಗಾಯ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು ಮನೆಗೆ ಕಳಿಸಿದೆ. ಸಂಜೆಗೆ ಅವನ ವಸಡಿನಲ್ಲಿ ರಕ್ತ ಜಿನುಗತೊಡಗಿತು. ಟೆಂಪೊದಲ್ಲಿ ಚಿತ್ರದುರ್ಗಕ್ಕೆ ಒಯ್ದರು, ಮೂತ್ರ ಕಟ್ಟಿದ್ದರಿಂದ ಅಲ್ಲಿಂದ ದಾವಣಗೆರೆಗೆ. ಜೀವ ಉಳಿಯಿತು. ಸುತ್ತಿಗೆ ಎತ್ತುವ ಶಕ್ತಿ ಮಾತ್ರ ಮತ್ತೆ ಬರಲಿಲ್ಲ. ಊರಿನಲ್ಲಿ ಯಾರೂ ನನ್ನ ಮೇಲೆ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ನಮ್ಮ ಮೇಲಿನ ಆಸ್ಪತ್ರೆಯ ವೈದ್ಯರು ಆ ಸತ್ತ ಹಾವನ್ನು ತರಿಸಿ, ಹಳೆಯ ಪೇಪರಿನ ಮೇಲೆ ಚಿಮಟದಿಂದ ನೇರವಾಗಿ ಹಾಸಿ ನನಗೆ ತೋರಿಸಿದರು. ನೇರ ಮಾಡಿದಾಗ ಮಚ್ಚೆಗಳು ಬಿಡಿಬಿಡಿಯಾದವು. ಬೆನ್ನಿನ ಮೇಲೆ ಒಂದು ಸಾಲು, ಎರಡು ಪಕ್ಕೆಗೆ ಎರಡು ಸಾಲು. ಒಂದೊಂದೂ ಮೊಟ್ಟೆಯಾಕಾರ, ಸುತ್ತ ಕಪ್ಪು ಅಂಚು, ಅದರಾಚೆಗೆ ಬಿಳಿಯ ಗೆರೆ. ಅದು ಕೊಳಕುಮಂಡಲ. ಮಣ್ಣುಮುಕ್ಕನ ಮಚ್ಚೆಗಳಿಗೆ ಅಂಚಿಲ್ಲ, ಚೆಲ್ಲಿದ ಮಸಿಯಂತೆ ಒಂದಕ್ಕೊಂದು ಹರಿದು ಕೂಡಿರುತ್ತವೆ. ಅದರ ಬಾಲ ಮೊಂಡು, ಮಂಡಲದ ಬಾಲ ಸಣ್ಣಗೆ ಚೂಪಾಗುತ್ತದೆ. ಬಣ್ಣ ನಂಬಬೇಡಿ, ಅಂಚು ನೋಡಿ, ಗೊತ್ತಾಗಲಿಲ್ಲವೆಂದರೆ ವಿಷದ್ದೆಂದೇ ತಿಳಿದು ನಡೆದುಕೊಳ್ಳಿ ಎಂದರು ವೈದ್ಯರು. ಬೈಯಲಿಲ್ಲ. ಅಂದಿನಿಂದ ಊರಿನಲ್ಲಿ ಹಾವು ಹೊಡೆದರೆಂದು ಗೊತ್ತಾದರೆ ಹೋಗಿ, ಕಡ್ಡಿಯಿಂದ ನೇರ ಮಾಡಿ, ಡೈರಿಯ ಹಿಂದಿನ ಹಾಳೆಗಳಲ್ಲಿ ಬರೆದುಕೊಳ್ಳುತ್ತಿದ್ದೆ. ಬೆಳ್ಳಿ ಪಟ್ಟಿಯ ಕಟ್ಟುಹಾವು, ಅದನ್ನೇ ಹೋಲುವ ನಿರಪಾಯದ ಇನ್ನೊಂದು, ಕೇರೆ, ನಾಗರ. ಭಯವೇನೂ ಕಡಿಮೆಯಾಗಲಿಲ್ಲ, ಹೆದರಿದ್ದು ಯಾವುದಕ್ಕೆಂದು ಮಾತ್ರ ತಿಳಿಯತೊಡಗಿತು.

ಅದು ಡಿಸೆಂಬರಿನ ಒಂದು ಬೆಳಗು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಹತ್ತೊಂಬತ್ತರ ಹುಡುಗಿಯನ್ನು ಬೆಳಕು ಹರಿಯುವಾಗ ಟ್ರ್ಯಾಕ್ಟರಿನಲ್ಲಿ ಕರೆತಂದರು. ಜೊತೆಗೆ ಅವಳ ತಾಯಿ, ಮತ್ತು ತಾಯಿಯ ಅಣ್ಣ. ಈ ಮಾವ ಅರವತ್ತು ದಾಟಿದ ಕುರಿಗಾಹಿ, ಹೆಗಲ ಮೇಲೆ ಕಂಬಳಿ, ಕಡಿಮೆ ಮಾತು. ಪರೀಕ್ಷಿಸಿ ನೋಡಿದೆ. ಗರ್ಭದ ಬಾಯಿ ಏಳು ಸೆಂಟಿಮೀಟರ್ ತೆರೆದಿತ್ತು, ಮಗುವಿನ ತಲೆ ಸರಿಯಾಗಿ ಕೆಳಗಿತ್ತು. ಸ್ವಲ್ಪ ಹೊತ್ತು ಕೋಣೆಯಲ್ಲೇ ಓಡಾಡಲು ಹೇಳಿದೆ. ಪಡಸಾಲೆಯಲ್ಲಿ ಗಂಡಸರಿದ್ದುದರಿಂದ ತಾಯಿ ಬಾಗಿಲು ಹಾಕಿ ಒಳಗಿನಿಂದ ಚಿಲಕ ಸಿಕ್ಕಿಸಿದರು.

ಎಂಟೂವರೆಯ ಸುಮಾರಿಗೆ ಹುಡುಗಿ ಮಂಚ ಹತ್ತಿ ಮಲಗಿದ್ದಳು. ಬೆಳಕು ಬೇಕೆಂದು ಅವಳ ಕಾಲು ಕಿಟಕಿಯ ಕಡೆಗೆ, ತಲೆ ಬಾಗಿಲ ಕಡೆಗೆ ಬರುವಂತೆ ಮಂಚ ಹಾಕಿದ್ದೆ. ಅವಳ ಹೊಟ್ಟೆಯ ಮೇಲೆ ಕೊಳವೆ ಇಟ್ಟು, ಕಿವಿಗೊಟ್ಟು, ಕೈಗಡಿಯಾರ ನೋಡುತ್ತಾ ಮಗುವಿನ ಎದೆಬಡಿತ ಎಣಿಸುತ್ತಿದ್ದೆ. ಎಣಿಸುತ್ತಲೇ ಕಣ್ಣೆತ್ತಿದೆ. ಕಿಟಕಿಯಿಂದ ಬಂದ ಎಳೆಬಿಸಿಲು ನೆಲದ ಮೇಲೆ ಉದ್ದಕ್ಕೆ ಬಿದ್ದು ಬಾಗಿಲ ಬುಡ ಮುಟ್ಟಿತ್ತು. ಆ ಬಿಸಿಲಿನಲ್ಲಿ, ಬಾಗಿಲಿಗೆ ಅಡ್ಡವಾಗಿ, ನನ್ನ ಮುಂಗೈಯಷ್ಟು ದಪ್ಪದ ಮೈಯೊಂದು ಬಿದ್ದುಕೊಂಡಿತ್ತು. ತಲೆ ಬಕೆಟ್ಟಿನ ಹಿಂದೆ ಮರೆಯಾಗಿತ್ತು, ಬಾಲ ಮೈಯಡಿಗೆ ಸೇರಿತ್ತು. ನನ್ನ ಎಣಿಕೆ ತಪ್ಪಿತು.

ಮೊದಲ ನಿಮಿಷದಲ್ಲಿ ನಾನು ಲೆಕ್ಕ ಹಾಕಿದ್ದು ನನ್ನೊಬ್ಬಳ ಹೆಜ್ಜೆಗಳನ್ನು. ಮಂಚದಿಂದ ಬಾಗಿಲಿಗೆ ಆರೇಳು ಅಡಿ. ಚಿಲಕ ತೆಗೆಯಲು ಹಾವಿನ ಮೇಲೆಯೇ ನಿಲ್ಲಬೇಕು. ಬಾಗಿಲು ಎಳೆದರೆ ಅದರ ಅಂಚು ಹಾವಿನ ಮೈ ಒತ್ತಿಕೊಂಡೇ ಒಳಕ್ಕೆ ಬರಬೇಕು. ಆಗದು. ಕಿಟಕಿಯ ಸರಳುಗಳ ನಡುವೆ ಕೈ ತೂರುತ್ತದೆ, ಮನುಷ್ಯ ತೂರುವುದಿಲ್ಲ. ಈ ಲೆಕ್ಕವೆಲ್ಲ ಮುಗಿದಮೇಲೆ ಹುಡುಗಿಯ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿ ನೋವು ನುಂಗುತ್ತಿದ್ದಳು.

ಅವಳ ತಲೆಯ ಬಳಿ ಕೂತಿದ್ದ ತಾಯಿಗೆ ಕಣ್ಣಿನಲ್ಲೇ ತೋರಿಸಿದೆ. ಆಕೆ ತಿರುಗಿ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಗಳಿಗೆ ಹೇಳಬಾರದು ಎಂದು ಕೈಸನ್ನೆ ಮಾಡಿದೆ. ಹೆದರಿ ಎದ್ದು ಜಿಗಿದರೆ, ಇಲ್ಲವೇ ಮಗುವನ್ನು ಹೊರತಳ್ಳಲು ಮುಕ್ಕದೆ ಹೋದರೆ, ಅಪಾಯ ಎರಡಾಗುತ್ತಿತ್ತು. ಹುಡುಗಿಗೆ ದುಪ್ಪಟಿ ಹೊದಿಸಿ, ಕಿಟಕಿಯ ಬಳಿ ಹೋಗಿ ಮಾವನನ್ನು ಕರೆದು, ಅವಳಿಗೆ ಕೇಳಿಸದಂತೆ ವಿಷಯ ಹೇಳಿದೆ. ಅವರು ಸರಳಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದರು.

"ಮಣ್ಣುಮುಕ್ಕ ಕಣಮ್ಮ ಅದು," ಎಂದರು ಮೆಲ್ಲಗೆ. "ಕುರಿ ಹಟ್ಟೀಲಿ ಎಷ್ಟು ಎತ್ತಿ ಎಸ್ದಿದೀನಿ. ಚಿಲಕ ಮೀಟಿ ಒಳಗೆ ಬತ್ತೀನಿ, ಕೈಯಾಗೇ ಎತ್ತಾಕ್ತೀನಿ."

ಅದು ಮಣ್ಣುಮುಕ್ಕನೇ ಆಗಿರಲಿ ಎಂದು ನನಗೂ ಆಸೆಯಿತ್ತು. ಆಗಿದ್ದರೆ ದಾಟಿ ಹೋಗಿ ಬಾಗಿಲು ತೆಗೆಯಬಹುದು, ಎರಡು ನಿಮಿಷದ ಕೆಲಸ. ಇನ್ನೊಮ್ಮೆ ನೋಡಿದೆ. ಮೈ ಬಾಗಿದ ಕಡೆ ಮಚ್ಚೆಗಳು ಕೂಡಿದಂತೆಯೇ ಕಂಡವು. ಅಲ್ಲಿಂದ ಕಣ್ಣು ತೆಗೆದು, ಮೈ ನೇರವಾಗಿದ್ದ ಒಂದು ಗೇಣಿನಷ್ಟು ಭಾಗವನ್ನೇ ನೋಡತೊಡಗಿದೆ. ಬಿಸಿಲು ಅಲ್ಲಿ ಚೆನ್ನಾಗಿ ಬಿದ್ದಿತ್ತು. ಹಾವು ಉಸಿರೆಳೆದಾಗ ಪಕ್ಕೆ ಉಬ್ಬಿ, ಮಚ್ಚೆಗಳ ನಡುವಿನ ಜಾಗ ಅಗಲವಾಯಿತು. ಒಂದು, ಎರಡು, ಮೂರು ಮಚ್ಚೆ. ಕಪ್ಪು ಅಂಚು. ಅದರಾಚೆಗೆ ಸವೆದುಹೋದ ಸುಣ್ಣದಂಥ ಬಿಳಿ ಗೆರೆ. ಒಂದನ್ನೊಂದು ಮುಟ್ಟಿರಲಿಲ್ಲ.

ಮಂಡಲ ಅದು, ಯಾರೂ ಬಾಗಿಲು ಮುಟ್ಟಬೇಡಿ ಎಂದೆ. ಮಾವ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ ಅದರಲ್ಲಿ.

"ಹೋದ ವರ್ಷ ನೀವು ಮಂಡಲನ ಮಣ್ಣುಮುಕ್ಕ ಅಂದ್ರಿ," ಎಂದರು. "ಈಗ ಮಣ್ಣುಮುಕ್ಕನ ಮಂಡಲ ಅಂತೀರಲ್ಲ, ನರ್ಸಮ್ಮ."

ಹಿಂದೆ ಮಂಚದ ಮೇಲೆ ಹುಡುಗಿ ನರಳಿದಳು.

"ಹೋದ ವರ್ಷ ತಪ್ಪಿದೆ, ಯಜಮಾನ್ರೆ. ಅದಕ್ಕೇ ಹೇಳ್ತಿದೀನಿ," ಎಂದೆ. "ನಿಮ್ಮ ಮಾತೇ ನಿಜ ಆದ್ರೆ ನಮಗೆ ಒಂದೆರಡು ತಾಸು ತ್ರಾಸು, ಅಷ್ಟೆ. ನನ್ನ ಮಾತು ನಿಜ ಆದ್ರೆ?"

ಅವರು ಕಂಬಳಿ ಸರಿಮಾಡಿಕೊಂಡರು. ಅಷ್ಟರಲ್ಲಿ ಪಡಸಾಲೆಯಲ್ಲಿ ಜನ ಸೇರಿ, ಯಾರೋ ಬಾಗಿಲಿಗೆ ಭುಜ ಕೊಟ್ಟರು. ಹಲಗೆ ಅಲುಗಿತು. ಹಾವಿನ ಮೈ ಒಮ್ಮೆಗೇ ಬಿಗಿದು, ನೇರವಾಗಿದ್ದ ಭಾಗವೂ ಸುರುಳಿಗೆ ಸೇರಿಕೊಂಡಿತು. ಹಾವಿಗೆ ನಮ್ಮ ಮಾತಿಗಿಂತ ನೆಲದ ಅದುರು ಬೇಗ ತಿಳಿಯುತ್ತದೆ. ಎಲ್ಲರನ್ನೂ ಪಡಸಾಲೆಯಿಂದ ಕೆಳಗಿಳಿಸಿ ಎಂದು ಮಾವನನ್ನು ಬೇಡಿಕೊಂಡೆ. ನನ್ನನ್ನು ನಂಬಿದರೋ ಇಲ್ಲವೋ, ಅವರು ಹೋಗಿ ಒಬ್ಬೊಬ್ಬರನ್ನೇ ಹೊರಗೆ ಕಳಿಸಿದರು. ಒಬ್ಬನನ್ನು ಮೊಪೆಡ್ಡಿನಲ್ಲಿ ವೈದ್ಯರ ಬಳಿಗೆ ಅಟ್ಟಿದರು. ವೈದ್ಯರು ಅಂದು ಹೊಳಲ್ಕೆರೆಯ ಶಿಬಿರದಲ್ಲಿದ್ದಾರೆಂದು ನನಗೆ ಗೊತ್ತಿತ್ತು. ಆದರೂ ಬೇಡವೆನ್ನಲಿಲ್ಲ.

ಕುದಿಸಿಟ್ಟ ಕತ್ತರಿ, ದಾರ, ಚುಚ್ಚುಮದ್ದುಗಳಿದ್ದ ಟ್ರೇ ಪಡಸಾಲೆಯ ಸ್ಟೌ ಪಕ್ಕದಲ್ಲೇ ಉಳಿದಿತ್ತು. ಮಾವ ಬರಿಗಾಲಿನಲ್ಲಿ ಹೋಗಿ ತಂದು, ಸರಳುಗಳ ಸಂದಿಯಿಂದ ಒಂದೊಂದನ್ನೇ ಬಟ್ಟೆಯಲ್ಲಿ ಹಿಡಿದು ಕೊಟ್ಟರು. ನೀರಿನ ತಂಬಿಗೆ ತೂರಲಿಲ್ಲ. ಲೋಟದಿಂದ ಲೋಟಕ್ಕೆ ಹಾಕಿಸಿಕೊಂಡೆ. ಹುಡುಗಿ ಕಣ್ಣು ಬಿಟ್ಟು, ಬಾಗಿಲು ತೆಗೆದು ತರಬಾರದಾ ಎಂದು ಕೇಳಿದಳು. ಚಿಲಕ ಕಚ್ಚಿಕೊಂಡಿದೆ ಎಂದೆ. ಅವಳು ಮತ್ತೇನೂ ಕೇಳಲಿಲ್ಲ.

ಆಮೇಲೆ ಗಮನಿಸಿದ್ದು ಬಿಸಿಲನ್ನು. ಸೂರ್ಯ ಏರಿದಂತೆ ನೆಲದ ಮೇಲಿನ ಬಿಸಿಲಿನ ಚೌಕ ಬಾಗಿಲನ್ನು ಬಿಟ್ಟು ಒಳಕ್ಕೆ, ಅಂದರೆ ಮಂಚದ ಕಡೆಗೆ ಸರಿಯುತ್ತಿತ್ತು. ಚಳಿಗೆ ಮರಗಟ್ಟಿದ ಹಾವು ಬಿಸಿಲು ಬಿಟ್ಟು ಇರುವುದಿಲ್ಲ. ಕಾಲು ಗಂಟೆಯಲ್ಲಿ ಅದರ ಮೈ ಒಂದು ಗೇಣು ಈಚೆಗೆ ಬಂದಿತ್ತು. ಯಾವಾಗ ಸರಿಯಿತೆಂದು ನಮ್ಮಿಬ್ಬರಲ್ಲಿ ಯಾರೂ ನೋಡಿರಲಿಲ್ಲ. ಇನ್ನೊಂದು ತಾಸಿಗೆ ಬಿಸಿಲು ಮಂಚದ ಕಾಲಿನ ಬುಡದಲ್ಲಿರುತ್ತದೆ. ಹುಡುಗಿಗೆ ಆಗಲೇ ಮುಕ್ಕುವ ನೋವು ಶುರುವಾಗಿತ್ತು. ಚೊಚ್ಚಲಿಗೆ ಇನ್ನೂ ಒಂದು ತಾಸು ಹಿಡಿದರೂ ಆಶ್ಚರ್ಯವಿಲ್ಲ.

ಕಿಟಕಿ ಮುಚ್ಚಿದರೆ ಬಿಸಿಲು ನಿಲ್ಲುತ್ತದೆ. ಆದರೆ ಕರೆಂಟ್ ಇರಲಿಲ್ಲ, ಕೈಯಲ್ಲಿದ್ದದ್ದು ಒಂದೇ ಟಾರ್ಚು. ಕೋಣೆ ಕತ್ತಲಾದರೆ, ಅದನ್ನು ಹೆರಿಗೆ ಮಾಡಿಸುವ ಕೈಗೆ ಹಿಡಿದಾಗ ಹಾವು ಎಲ್ಲಿದೆಯೆಂಬುದು ಕಾಣುವುದಿಲ್ಲ. ಕಾಣುವ ಹಾವು ಹತ್ತಿರ ಬರುವುದು ಮೇಲೋ, ಕಾಣದ ಹಾವು ದೂರ ಉಳಿಯುವುದು ಮೇಲೋ? ಈ ಎರಡರ ನಡುವೆ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಕೊನೆಗೆ ಮಾವನಿಗೆ, ಗೋಣಿಚೀಲ ಕಟ್ಟಿ ಕಿಟಕಿ ಮುಚ್ಚಿಬಿಡಿ ಎಂದೆ. ಗಂಡಸರು ಹೊರಗಿದ್ದಾರೆ, ಮರೆ ಇರಲಿ ಎಂದು ಹುಡುಗಿಗೆ ಹೇಳಿದೆ. ಜೊತೆಗೆ ಮಾವನಿಗೆ ಇನ್ನೊಂದು ಕೆಲಸ ಒಪ್ಪಿಸಿದೆ. ಯಾರ ಹೊಲದಿಂದಾದರೂ ನೀರಿನ ಪೈಪಿನ ಒಂದು ಆಳುದ್ದದ ತುಂಡು, ಈ ಸರಳುಗಳಲ್ಲಿ ತೂರುವಷ್ಟು ದಪ್ಪದ್ದು. ಅದರ ಒಂದು ಬಾಯಿಗೆ ಗೋಣಿ ಬಿಗಿದು ತರಬೇಕು.

ಕಿಟಕಿ ಮುಚ್ಚಿದಾಗ ಕೋಣೆ ಇನ್ನೂ ಚಿಕ್ಕದಾದಂತಾಯಿತು. ಟಾರ್ಚು ತಾಯಿಯ ಕೈಗೆ ಕೊಟ್ಟೆ. ನೋವು ಬಂದಾಗ ಬೆಳಕು ನನ್ನ ಕೈಗೆ, ನೋವು ಇಳಿದಾಗ ಬಾಗಿಲ ಬುಡಕ್ಕೆ. ಇಷ್ಟೇ ಕ್ರಮ. ನೋವಿನ ನಡುವೆ ಮಗುವಿನ ಎದೆಬಡಿತ ಕೇಳುತ್ತಿದ್ದೆ, ಬೆಳಕು ಅತ್ತ ಹೋದಾಗ ಕಣ್ಣೂ ಅತ್ತ ಹೋಗುತ್ತಿತ್ತು. ಹಾವು ಅಲ್ಲೇ ಇತ್ತು. ಮತ್ತೆ ನೋವು. ಮತ್ತೆ ಬೆಳಕು ಬಾಗಿಲಿಗೆ. ಅಲ್ಲೇ ಇತ್ತು. ಹೀಗೆ ಹತ್ತೋ ಹನ್ನೆರಡೋ ಸಲ.

ಮಗುವಿನ ಕೂದಲು ಕಾಣತೊಡಗಿದ ಮೇಲೆ ಒಂದು ಸಲ ಬೆಳಕು ಅತ್ತ ಹೋದಾಗ ನೆಲ ಖಾಲಿಯಿತ್ತು.

ತಾಯಿ ಹಿಡಿದ ಬೆಳಕು ಗೋಡೆಯ ಮೇಲೆಲ್ಲ ಹಾರಾಡಿತು. ನಾನು ಕಾಲು ಎತ್ತಿಕೊಳ್ಳುವಂತಿರಲಿಲ್ಲ, ಒಂದು ಕೈ ಮಗುವಿನ ತಲೆಗೆ ಆನಿಸಿತ್ತು. ನೆಲಕ್ಕೆ ಹಿಡೀರಿ, ಗೋಡೆ ಬುಡದಿಂದ ಮೆಲ್ಲಕೆ ಬರ್ರಿ ಎಂದೆ. ಬೆಳಕು ಬಕೆಟ್ಟಿನಿಂದ ಹೊರಟು, ಬಾಗಿಲ ಪಕ್ಕದ ಮರದ ಬೆಂಚಿನ ಅಡಿಗೆ ಬಂದು ನಿಂತಿತು. ಬೆಂಚಿನ ಕೆಳಗಿನಿಂದ ನಾಲ್ಕು ಬೆರಳಷ್ಟು ಬಾಲ ಹೊರಗಿತ್ತು. ಸಣ್ಣಗೆ, ಚೂಪಾಗಿ. ನನಗಿದ್ದ ಕೊನೆಯ ಅನುಮಾನವೂ ಹೋಯಿತು. ಇನ್ನೊಂದು ಸಂಗತಿಯೂ ಹೊಳೆಯಿತು. ಈಗ ಬಾಗಿಲಿಗೂ ಹಾವಿಗೂ ನಡುವೆ ಒಂದೂವರೆ ಅಡಿ ಜಾಗವಿದೆ, ಧೈರ್ಯ ಮಾಡಿದರೆ ಒಬ್ಬರು ಹೊರಗೆ ಹೋಗಬಹುದು. ತಾಯಿಗೂ ಅದು ಹೊಳೆದಿರಬೇಕು. ಆಕೆ ಬಾಗಿಲನ್ನು ನೋಡಿದರು, ಮಗಳನ್ನು ನೋಡಿದರು, ಟಾರ್ಚನ್ನು ನನ್ನ ಕೈಗಳ ಮೇಲೆ ಹಿಡಿದು ನಿಂತುಕೊಂಡರು.

ಮುಂದಿನ ಎರಡು ನೋವಿಗೆ ತಲೆ ಹೊರಬಂತು. ಹೊಕ್ಕುಳಬಳ್ಳಿ ಕುತ್ತಿಗೆಗೆ ಒಂದು ಸುತ್ತು ಸುತ್ತಿತ್ತು, ಸಡಿಲವಾಗಿಯೇ. ಬೆರಳು ತೂರಿಸಿ ತಲೆಯ ಮೇಲಿಂದ ದಾಟಿಸಿದೆ. ಹೆಣ್ಣುಮಗು. ಬಾಯಿ ಒರೆಸಿ ಬೆನ್ನು ಉಜ್ಜಿದಾಗ ಅತ್ತಿತು. ಹೊರಗೆ ಯಾರೋ ಸಂತೋಷದಿಂದ ಕೂಗಲು ಹೋದವರನ್ನು ಮಾವ ಗದರಿದ್ದು ಕೇಳಿಸಿತು. ಮಾಸು ಬೀಳಲು ಇಪ್ಪತ್ತು ನಿಮಿಷ ಹಿಡಿಯಿತು. ಪೂರ್ತಿ ಬಂದಿದೆಯೇ ಎಂದು ಟಾರ್ಚಿನಲ್ಲಿ ತಿರುವಿ ತಿರುವಿ ನೋಡಿ, ಚುಚ್ಚುಮದ್ದು ಕೊಟ್ಟು, ರಕ್ತಸ್ರಾವ ಹತೋಟಿಯಲ್ಲಿದೆಯೆಂದು ಖಾತ್ರಿ ಮಾಡಿಕೊಂಡೆ. ಮಗುವನ್ನು ಹುಡುಗಿಯ ಎದೆಗೆ ಕೊಟ್ಟು ಹೊದಿಸಿದೆ.

ಉಳಿದದ್ದು ಹಾವು. ಪೈಪಿನ ತುಂಡು ಕಿಟಕಿಗೆ ಕಟ್ಟಿದ್ದ ಗೋಣಿಯ ಅಂಚಿನಿಂದ ಒಳಗೆ ಬಂತು. ಅದನ್ನು ಗೋಡೆಯ ಬುಡದಲ್ಲೇ ಜಾರಿಸುತ್ತಾ, ತೆರೆದ ಬಾಯಿ ಬೆಂಚಿನ ಅಡಿಗೆ ಬರುವಂತೆ ಇಟ್ಟೆ. ಬೆದರಿದ ಹಾವು ಕತ್ತಲ ತೂತು ಹುಡುಕುತ್ತದೆಂದು ವೈದ್ಯರು ಒಮ್ಮೆ ಹೇಳಿದ್ದರು, ನಾನು ಮಾಡಿ ನೋಡಿದವಳಲ್ಲ. ನೆಲ ಒರೆಸುವ ಕೋಲಿನ ತುದಿಯಿಂದ ಬಾಲವನ್ನು ಮೆಲ್ಲಗೆ ಮುಟ್ಟಿದೆ.

ಆಗ ಬಂತು ಆ ಸದ್ದು. ಕುಕ್ಕರಿನ ಸೀಟಿ ಹಾರುವ ಮೊದಲು ಬರುವಂಥ, ಆದರೆ ನಿಲ್ಲದೆ ಏರುತ್ತಿಳಿಯುವ ಉಬ್ಬಸ. ಕೋಲಿಗೆ ಏಟು ಬಿದ್ದದ್ದು ನನಗೆ ಕಾಣಲಿಲ್ಲ, ಅಂಗೈಗೆ ತಿಳಿಯಿತು. ಹಿಂದೆ ಸರಿದು ಮಂಚಕ್ಕೆ ಒರಗಿ ನಿಂತೆ. ಎರಡನೆಯ ಸಲ ಅದು ಪೈಪಿನ ಹೊರಗಿನಿಂದಲೇ ಹೊರಳಿ ಮೂಲೆಗೆ ಹೋಯಿತು. ಪೈಪನ್ನು ಮೂಲೆಗೆ ತಿರುಗಿಸಿ, ಬಕೆಟ್ಟನ್ನು ಕೋಲಿನಿಂದ ನೂಕಿ ಇನ್ನೊಂದು ಬದಿಗೆ ಅಡ್ಡವಿಟ್ಟು, ಸುಮ್ಮನೆ ಕಾದೆ. ಮುಟ್ಟಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಗಲ ತಲೆ ಪೈಪಿನ ಬಾಯಿಯಲ್ಲಿ ನಿಂತಿತು, ಒಳಗೆ ಹೋಯಿತು, ಅದರ ಹಿಂದೆ ಬಿಡಿಬಿಡಿ ಮಚ್ಚೆಗಳ ಮೈ ಪೂರ್ತಿ ಎಳೆದುಕೊಂಡಿತು. ಮಾವ ಪೈಪಿನ ಜೊತೆಗೇ ಕೊಟ್ಟಿದ್ದ ಒದ್ದೆ ಗೋಣಿಯ ಉಂಡೆಯನ್ನು ಕೋಲಿನಿಂದ ಪೈಪಿನ ಬಾಯಿಗೆ ಒತ್ತಿ ತುರುಕಿದೆ. ತಾಯಿ ಚಿಲಕ ತೆಗೆದರು.

ಮಾವ ಒಳಗೆ ಬಂದು ಪೈಪನ್ನು ಎರಡೂ ಕೈಯಲ್ಲಿ ಅಡ್ಡವಾಗಿ ಹಿಡಿದರು. ಒಳಗಿನ ಉಬ್ಬಸ ಇನ್ನೂ ನಿಂತಿರಲಿಲ್ಲ. ಹೊರಗೆ ಕೋಲು ಹಿಡಿದು ನಿಂತವರಿಗೆ ಅದನ್ನು ಕೊಡದೆ, ತಾವೇ ಗುಡ್ಡದ ಆಚೆ ಮಗ್ಗುಲಿಗೆ ಒಯ್ದು ಬಿಟ್ಟು ಬಂದರು. ಬಂದವರು ಕಟ್ಟೆಯ ಮೇಲೆ ಕೂತು, ತಮ್ಮ ಬಲಗೈಯನ್ನೇ ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದರು.

"ಇಷ್ಟು ವರ್ಸ ಎತ್ತಿ ಎಸ್ದಿದ್ರಾಗೆ," ಎಂದರು, "ಇವು ಎಷ್ಟಿದ್ವೋ ಏನೋ."

ನಾನು ಒಳಗೆ ಬಂದೆ. ಕಿಟಕಿಯ ಗೋಣಿ ತೆಗೆದಿದ್ದರು, ಕೋಣೆಯ ತುಂಬ ಬೆಳಕಿತ್ತು. ತಾಯಿ ಕಾಫಿ ಮಾಡಲು ಹಿಂದಿನ ಕೋಣೆಗೆ ಹೋಗಿದ್ದರು. ಹುಡುಗಿಯ ನಾಡಿ ಹಿಡಿದು ಎಣಿಸುತ್ತಿದ್ದಾಗ, ಈಗ ಹೇಳಿದರೆ ತೊಂದರೆಯಿಲ್ಲ ಎನ್ನಿಸಿತು. ಗಾಬರಿಯಾಗಬೇಡ, ಬೆಳಿಗ್ಗೆಯಿಂದ ಕೋಣೆಯಲ್ಲಿ ಒಂದು ಹಾವಿತ್ತು, ನಿನಗೆ ಗೊತ್ತಾಗದಿರಲಿ ಎಂದು ಸುಮ್ಮನಿದ್ದೆವು ಎಂದೆ.

ಅವಳು ಮಗುವಿನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ನಾನು ಮೊದ್ಲೇ ನೋಡಿದ್ದೆ ಸಿಸ್ಟರ್. ಓಡಾಡ್ತಿದ್ನಲ್ಲ, ಆವಾಗ್ಲೇ. ಬಕೆಟ್ಟಿನ ಹಿಂದೆ ಇತ್ತು."

ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಹೇಳಿದ್ರೆ ನೀವು ಬಾಗ್ಲು ತಕ್ಕಂಡು ಓಡೋಗ್ತಿದ್ರಿ," ಎಂದಳು. "ನಂಗೆ ಓಡಾಕೆ ಆಗ್ತಿರ್ಲಿಲ್ಲ."

ನಾನು ಅವಳ ನಾಡಿಯನ್ನು ಮತ್ತೆ ಮೊದಲಿನಿಂದ ಎಣಿಸಿದೆ.